ಫೈರ್ ಇಂಜಿನ್‌ಗೆ ದುಡ್ಡು ಎಲ್ಲಿಂದ ಬರಬೇಕು?

2010ರ ಸೆಪ್ಟೆಂಬರ್‌ನಲ್ಲಿ ನಡೆದದ್ದು. ಅಮೆರಿಕದ ಟೆನೆಸ್ಸೀ ರಾಜ್ಯದ ಸೌತ್ ಫುಲ್ಟನ್ ಅನ್ನೋ ಸಣ್ಣ ಊರಿನ ಗಡಿಯಾಚೆ ಒಂದು ಮನೆಗೆ ಬೆಂಕಿ ಬಿತ್ತು. ಊರಿನ ಅಗ್ನಿಶಾಮಕ ದಳ ಗಡಿಯಾಚೆಗೂ ಹೋಗುತ್ತಿತ್ತು, ಆದರೆ ವರ್ಷಕ್ಕೆ 75 ಡಾಲರ್ ಕಟ್ಟಿದವರಿಗೆ ಮಾತ್ರ. ಈ ಮನೆಯವರು ಕಟ್ಟಿರಲಿಲ್ಲ. ಈಗಲೇ ಕೊಡ್ತೀವಿ, ಬನ್ನಿ ಅಂದರು. ಯಾರೂ ಬರಲಿಲ್ಲ. ಬೆಂಕಿ ಪಕ್ಕದ ಜಮೀನಿಗೆ ಹಬ್ಬಿದ ಮೇಲೆ ಗಾಡಿ ಬಂತು, ಯಾಕೆಂದರೆ ಪಕ್ಕದವರು ಶುಲ್ಕ ಕಟ್ಟಿದ್ದರು. ಸಿಬ್ಬಂದಿ ಅವರ ಜಮೀನು ಉಳಿಸಿದರು. ಮನೆ ಮಾತ್ರ ಸಿಬ್ಬಂದಿಯ ಕಣ್ಣೆದುರೇ ಉರಿದು ಹೋಯಿತು. ಮೂರು ನಾಯಿ, ಒಂದು ಬೆಕ್ಕು ಒಳಗೇ ಸತ್ತವು.

ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಸಿಟ್ಟು ಸಿಬ್ಬಂದಿಯ ಮೇಲಲ್ಲ, ಆ ಏರ್ಪಾಡಿನ ಮೇಲೆ. ಬೆಂಕಿ ಬಿದ್ದಾಗ ಕಟ್ಟಿದರೆ ಸಾಕು ಅಂದುಬಿಟ್ಟರೆ ಮುಂಚೆ ಯಾರೂ ಕಟ್ಟೋದಿಲ್ಲ, ಆ ಲೆಕ್ಕ ಸರಿಯೇ. ಅಗ್ನಿಶಾಮಕ ದಳದ ಖರ್ಚಿನಲ್ಲಿ ಬಹುಪಾಲು ಬೆಂಕಿ ಇಲ್ಲದ ದಿನಗಳದ್ದು. ಹಗಲು ರಾತ್ರಿ ಕಾಯುವ ಜನರ ಸಂಬಳ, ತರಬೇತಿ, ಗಾಡಿಯ ರಿಪೇರಿ. ಕರೆ ಬರಲಿ ಬಿಡಲಿ, ಇವೆಲ್ಲ ನಡೆಯಲೇಬೇಕು. ಅದಕ್ಕೇ ಈ ದುಡ್ಡು ಇಷ್ಟವಿದ್ದವರು ಕಟ್ಟುವ ಶುಲ್ಕದಿಂದ ಬರಬಾರದು, ಎಲ್ಲರೂ ಕಟ್ಟುವ ತೆರಿಗೆಯಿಂದ ಬರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇನ್ಶೂರೆನ್ಸ್ ಕಂಪನಿಗಳೇ ಕೊಡಲಿ ಅನ್ನುವವರೂ ಇದ್ದಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹಾಗೇ ಇತ್ತು. ಪ್ರೀಮಿಯಂ ಜೊತೆಗೇ ಅಗ್ನಿಶಾಮಕದ ಪಾಲು ವಸೂಲಾಗುತ್ತಿತ್ತು. ವಿಮೆ ಮಾಡಿಸದವನ ಮನೆಗೂ ಗಾಡಿ ಹೋಗುತ್ತಿತ್ತು, ಖರ್ಚು ಮಾತ್ರ ಮಾಡಿಸಿದವನ ತಲೆಗೆ. 2009ರ ಭೀಕರ ಕಾಡ್ಗಿಚ್ಚಿನ ವಿಚಾರಣೆ ನಡೆಸಿದ ಆಯೋಗ ಇದನ್ನು ಬದಲಿಸಿ ಅಂತ ಹೇಳಿತು. 2013ರಿಂದ ಅಲ್ಲಿ ಆಸ್ತಿಯ ಮೇಲೇ ಲೆವಿ. ನನಗೆ ಇದೇ ನ್ಯಾಯ ಅನ್ನಿಸುತ್ತದೆ.

ಇಷ್ಟಾದರೆ ಸಂಬಳದ ಮಾತು ಮುಗಿಯಿತು. ಜಾಸ್ತಿ ಎಡವಟ್ಟಾಗುವುದು ಗಾಡಿ, ಸ್ಟೇಷನ್, ಸಾಮಾನಿನ ವಿಷಯದಲ್ಲಿ.

ಬೆಂಕಿಗೆ ನುಗ್ಗುವವರು ಹಾಕುವ ಆ ದಪ್ಪ ಕೋಟನ್ನೇ ತೆಗೆದುಕೊಳ್ಳಿ. ಬೆಂಕಿ ಸುರಕ್ಷತೆಯ ಮಾನದಂಡ ರೂಪಿಸುವ ಅಮೆರಿಕದ ಎನ್‌ಎಫ್‌ಪಿಎ ಸಂಸ್ಥೆಯ ಪ್ರಕಾರ ಅದರ ಆಯಸ್ಸು ತಯಾರಾದ ದಿನದಿಂದ 10 ವರ್ಷ. ನೋಡಲು ಚೆನ್ನಾಗಿದ್ದರೂ ಆಮೇಲೆ ಹಾಕುವಂತಿಲ್ಲ. ಈಗ ಒಂದು ನಗರಕ್ಕೆ ಅನುದಾನ ಬಂತು, ಒಂದೇ ಸಲ 200 ಕೋಟು ಕೊಂಡರು ಅಂದುಕೊಳ್ಳಿ. ಫೋಟೋ ತೆಗೆಸಿಕೊಂಡರು, ಎಲ್ಲರಿಗೂ ಖುಷಿ. 10 ವರ್ಷ ಕಳೆದ ಮೇಲೆ ಆ 200 ಕೋಟೂ ಒಟ್ಟಿಗೇ ಮೂಲೆಗೆ. ಆಗ ಅನುದಾನವೂ ಇಲ್ಲ, ಕೂಡಿಟ್ಟ ದುಡ್ಡೂ ಇಲ್ಲ. ವರ್ಷಕ್ಕೆ 20ರಂತೆ ಕೊಂಡಿದ್ದರೆ ಈ ಪಾಡು ಬರುತ್ತಿತ್ತಾ?

ಗಾಡಿಗಳ ಕಥೆಯೂ ಇದೇ. 15 ವರ್ಷ ದಾಟಿದ್ದನ್ನು ಮೀಸಲಿಗೆ ಇಡಿ, 25 ದಾಟಿದರೆ ಬದಲಿಸಿ ಅನ್ನೋದು ಅದೇ ಸಂಸ್ಥೆಯ ಸಲಹೆ. ಗಾಡಿ ಕೊಂಡ ದಿನವೇ ಅದು ಮುದಿಯಾಗುವ ವರ್ಷ ಗೊತ್ತಿರುತ್ತದೆ ಅಲ್ವಾ? ಅಂದಿನಿಂದಲೇ ವರ್ಷ ವರ್ಷ ಒಂದಿಷ್ಟು ಎತ್ತಿಡಬೇಕು.

ಸ್ಟೇಷನ್ ಕಟ್ಟಡದ ಮಾತು ಬೇರೆ. ಅದು 50 ವರ್ಷ ನಿಲ್ಲುತ್ತದೆ. ಅದಕ್ಕೆ ಬಾಂಡ್ ಹೊರಡಿಸಿ ಸಾಲ ಎತ್ತಿದರೆ ನನ್ನ ತಕರಾರಿಲ್ಲ. ಮುಂದೆ ಆ ಊರಿಗೆ ಬಂದು ನೆಲೆಸುವವರೂ ಅದರಿಂದ ಕಾಪಾಡಲ್ಪಡುತ್ತಾರೆ, ಅವರೂ ಕಂತು ಕಟ್ಟಲಿ. ಆದರೆ ಸಂಬಳಕ್ಕೆ, ಡೀಸೆಲ್‌ಗೆ ಸಾಲ ಮಾಡಬಾರದು. ಗುಜರಿಗೆ ಹೋದ ಗಾಡಿಗೆ ಇನ್ನೂ ಬಡ್ಡಿ ಕಟ್ಟುತ್ತಾ ಕೂರುವಂತೆಯೂ ಆಗಬಾರದು.

ಕೂಡಿಟ್ಟ ನಿಧಿಗೆ ಇನ್ನೊಂದು ಅಪಾಯವಿದೆ. ದುಡ್ಡು ಸುಮ್ನೆ ಬಿದ್ದಿದೆ ಅಂತ ಕಾಣುತ್ತದೆ. ಬಜೆಟ್ ಬಿಗಿಯಾದ ವರ್ಷ ಮೊದಲು ಕೈ ಹೋಗುವುದೇ ಅಲ್ಲಿಗೆ. ನಿಮ್ಮ ನಗರದ ಬಜೆಟ್ ಪ್ರತಿ ಸಿಕ್ಕರೆ ವಾಹನ ಬದಲಿಸಲು ಅಂತ ಒಂದು ಸಾಲು ಇದೆಯಾ ಹುಡುಕಿ. ಇದ್ದರೆ, ಹೋದ ವರ್ಷ ಅದರಲ್ಲಿದ್ದ ಮೊತ್ತ ಈ ವರ್ಷವೂ ಅಲ್ಲೇ ಇದೆಯಾ ಅಂತ ನೋಡಿ.