31 ಲಕ್ಷ ಕೋಟಿ ಸ್ವಾಹಾ!

2024ರ ಜೂನ್ 4, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ. ಅಂದು ಮಧ್ಯಾಹ್ನ ಟಿವಿ ಹಾಕಿದವರಿಗೆ ನೆನಪಿರಬಹುದು. ಪರದೆಯೆಲ್ಲ ಕೆಂಪು, ಮೂಲೆಯಲ್ಲೊಂದು ಗುರುಗುಟ್ಟುವ ಕರಡಿ, ನಡುವೆ ‘ದಲಾಲ್ ಸ್ಟ್ರೀಟ್‌ನಲ್ಲಿ ರಕ್ತಪಾತ’, ‘ಹೂಡಿಕೆದಾರರ 31 ಲಕ್ಷ ಕೋಟಿ ಸ್ವಾಹಾ!’. ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಅಂದು 4,389 ಅಂಶ ಬಿದ್ದದ್ದು ಸುಳ್ಳಲ್ಲ. ಆದರೆ ಹಿಂದಿನ ದಿನವಷ್ಟೇ, ಮತಗಟ್ಟೆ ಸಮೀಕ್ಷೆಯ ಅಮಲಿನಲ್ಲಿ ಅದು 2,507 ಅಂಶ ಹಾರಿತ್ತು. ಆಗ ಪರದೆ ಹಸಿರು, ಕರಡಿಯ ಜಾಗದಲ್ಲಿ ಗೂಳಿ. ಜೂನ್ 4ಕ್ಕೆ ಮೊದಲೇ ಷೇರು ಕೊಂಡಿಟ್ಟುಕೊಳ್ಳಿ ಎಂದು ಕೇಂದ್ರದ ಗೃಹ ಸಚಿವರೇ ಸಂದರ್ಶನದಲ್ಲಿ ಹೇಳಿಯಾಗಿತ್ತು. ಇನ್ನು ಟಿವಿ ತಜ್ಞರಿಗೆ ಅನುಮಾನ ಪಡುವ ದರ್ದೇನಿತ್ತು?

ಅಪಾಯದ ಬಗ್ಗೆ ಅವರು ಹೇಳಲೇ ಇಲ್ಲ ಎನ್ನುವಂತಿಲ್ಲ. ಹೇಳಿದ್ದಾರೆ, ಪರದೆಯ ಕಟ್ಟಕಡೆಯ ಪಟ್ಟಿಯಲ್ಲಿ, ಭೂತಗನ್ನಡಿಗೂ ಸಿಗದ ಅಕ್ಷರದಲ್ಲಿ: ಇಲ್ಲಿನ ಅಭಿಪ್ರಾಯಗಳು ತಜ್ಞರ ವೈಯಕ್ತಿಕ, ಹೂಡುವ ಮುನ್ನ ನಿಮ್ಮ ಸಲಹೆಗಾರರನ್ನು ಕೇಳಿ. ಇಡೀ ದಿನದ ಪ್ರಸಾರದಲ್ಲಿ ನಾನು ಪೂರ್ತಿ ಒಪ್ಪುವ ಮಾತು ಅದೊಂದೇ.

ಈ 31 ಲಕ್ಷ ಕೋಟಿ ಯಾರ ಜೇಬು ಸೇರಿತು ಎಂದು ಮಾತ್ರ ಯಾರೂ ಕೇಳಲಿಲ್ಲ. ಯಾರ ಜೇಬನ್ನೂ ಸೇರಲಿಲ್ಲ. ಒಂದಿಷ್ಟು ಷೇರು ಕೈಬದಲಾದ ಬೆಲೆಯನ್ನು ಕಂಪನಿಯ ಅಷ್ಟೂ ಷೇರುಗಳಿಗೆ ಗುಣಿಸಿ ಬರುವ ಕಾಗದದ ಲೆಕ್ಕ ಅದು. ಷೇರು ಇಡುವ ಡಿಮ್ಯಾಟ್ ಖಾತೆಯ ಪಾಸ್‌ವರ್ಡೇ ಮರೆತು, ಕೊಳ್ಳದೆ ಮಾರದೆ ಊಟ ಮಾಡಿ ಮಲಗಿದ್ದವರೂ ಆ ಲೆಕ್ಕದಲ್ಲಿ ‘ಸಂತ್ರಸ್ತರು’. ಜೂನ್ 7ಕ್ಕೆ ಸೆನ್ಸೆಕ್ಸ್ 76,693 ಮುಟ್ಟಿ ಹೊಸ ದಾಖಲೆ ಬರೆಯಿತು. ನಿಜವಾಗಿ ಕಳೆದುಕೊಂಡವರಲ್ಲಿ, ಮಧ್ಯಾಹ್ನದ ಆ ಕರಡಿಯನ್ನು ನೋಡಿ ಎದೆಯೊಡೆದು ಸಿಕ್ಕ ಬೆಲೆಗೆ ಮಾರಿದವರೂ ಇದ್ದರು.

ಸಂಜೆ ಮೂರೂವರೆಯ ನಂತರ ಕಾರಣಗಳ ಅಂಗಡಿ ತೆರೆಯುತ್ತದೆ. ಕಚ್ಚಾತೈಲ ಏರಿತೇ? ಹಣದುಬ್ಬರದ ಭೀತಿ, ಪೇಟೆ ಕುಸಿತ. ಇಳಿಯಿತೇ? ಜಾಗತಿಕ ಬೇಡಿಕೆ ಕುಗ್ಗುವ ಭೀತಿ, ಪೇಟೆ ಕುಸಿತ. ಏನೂ ಆಗದೆ ಬಿದ್ದರೆ ‘ಲಾಭ ಗಳಿಕೆಯ ಮಾರಾಟ’. ನಾಳೆಯ ಕಥೆ ಕೇಳಿದರೆ, ಇನ್ನೊಂದು ಸೂಚ್ಯಂಕ ನಿಫ್ಟಿ ಈ ಮಟ್ಟ ದಾಟಿದರೆ ಮೇಲೆ, ಆ ಮಟ್ಟ ಮುರಿದರೆ ಕೆಳಗೆ. ಹುಟ್ಟುವುದು ಗಂಡು ಎಂದು ಬಾಯಲ್ಲಿ ಹೇಳಿ, ಪಂಚಾಂಗದ ಹಾಳೆಯಲ್ಲಿ ಹೆಣ್ಣು ಎಂದು ಬರೆದಿಡುತ್ತಿದ್ದ ಜೋಯಿಸರು ಕೋಟು ತೊಟ್ಟು ಸ್ಟುಡಿಯೋಗೆ ಬಂದಿದ್ದಾರೆ, ಅಷ್ಟೇ.

ಆಮೇಲೆ ನೇರ ಫೋನ್ ಕರೆ.

“ಸರ್, ಹಾಸನದಿಂದ. ಆ ಬ್ಯಾಂಕಿಂದು ಇನ್ನೂರು ಷೇರು, ಮುನ್ನೂರು ರೂಪಾಯಿಗೆ ತಗೊಂಡಿದ್ದೆ. ಈಗ ಇಪ್ಪತ್ತಿದೆ. ಏನ್ ಮಾಡ್ಲಿ?”

“ಎಷ್ಟು ದಿನದ ದೃಷ್ಟಿ ಇಟ್ಕೊಂಡು ತಗೊಂಡ್ರಿ?”

“ಆವಾಗ ನೀವೇ ಹೇಳಿದ್ರಿ ಸರ್, ಮೂರು ತಿಂಗಳು ಅಂತ.”

“ಹಾಂ... ಈಗ ದೀರ್ಘಾವಧಿಗೆ ಇಟ್ಕೊಳ್ಳಿ. ಮುಂದಿನ ಕರೆ ತಗೊಳ್ಳೋಣ.”

ಮುಂದಿನ ಕರೆಗೂ ಮೊದಲು ಜಾಹೀರಾತು: ಟ್ರೇಡಿಂಗ್ ಆ್ಯಪ್ ಒಂದರದು.

ಷೇರಿನ ಮುಂದಿನ ಬೆಲೆಯ ಮೇಲೆ ಬಾಜಿ ಕಟ್ಟುವ ಫ್ಯೂಚರ್ಸ್ ಆ್ಯಂಡ್ ಆಪ್ಷನ್ಸ್ (ಎಫ್ ಆ್ಯಂಡ್ ಓ) ಆಟದ ಕಥೆ ಇನ್ನೂ ಸೊಗಸು. 2021–22ರಿಂದ ಮೂರು ವರ್ಷ ಎಫ್ ಆ್ಯಂಡ್ ಓ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ಜನಸಾಮಾನ್ಯರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಕಳೆದುಕೊಂಡಿದ್ದಾರೆ ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಇದು ಕಾಗದದ ಲೆಕ್ಕವಲ್ಲ, ಖಾತೆಯಿಂದ ಹೋದ ದುಡ್ಡು. ಇದಕ್ಕೆ ಕರಡಿ ಗುರುಗುಟ್ಟಲಿಲ್ಲ, ಪರದೆ ಕೆಂಪಾಗಲಿಲ್ಲ. ದಿನಾ ಒಂದಿಷ್ಟು ಹೋಗುವ ದುಡ್ಡಿಗೆ ಬ್ರೇಕಿಂಗ್ ನ್ಯೂಸ್ ಆಗುವ ಯೋಗ್ಯತೆ ಎಲ್ಲಿಂದ ಬರಬೇಕು?

ಹಾಗೆಂದು ತಜ್ಞರ ಭವಿಷ್ಯ ಯಾರಿಗೂ ಫಲಿಸಿಲ್ಲ ಎಂದರೆ ಅಪಚಾರವಾದೀತು. ಅದೇ ವರ್ಷದ ಫೆಬ್ರುವರಿಯಲ್ಲಿ ಸೆಬಿ ಒಂದು ಮಧ್ಯಂತರ ಆದೇಶ ಹೊರಡಿಸಿತು. ವಾಹಿನಿಯೊಂದರ ಅತಿಥಿ ತಜ್ಞರು ಯಾವ ಷೇರು ಶಿಫಾರಸು ಮಾಡಲಿದ್ದೇವೆ ಎಂಬುದನ್ನು ಪ್ರಸಾರಕ್ಕೆ ಮೊದಲೇ ಕೆಲವರ ಕಿವಿಗೆ ಹಾಕಿದರು, ಆ ಕೆಲವರು ಮೊದಲೇ ಕೊಂಡು, ಟಿವಿ ನೋಡಿದವರು ಮುಗಿಬಿದ್ದಾಗ ಮಾರಿದರು ಎಂಬುದು ಆರೋಪ. 7.41 ಕೋಟಿ ರೂಪಾಯಿ ಜಪ್ತಿಗೆ ಆದೇಶವಾಯಿತು. ಯಾವ ಷೇರು ಏರುತ್ತದೆ, ಎಷ್ಟು ಗಂಟೆಗೆ ಏರುತ್ತದೆ, ಯಾರು ಕೊಳ್ಳುತ್ತಾರೆ, ಮೂರೂ ಕರಾರುವಾಕ್ಕಾಗಿ ಗೊತ್ತಿತ್ತು. ‘ತಜ್ಞ’ ಎಂದು ಹೆಸರಿನ ಕೆಳಗೆ ಸುಮ್ಮನೆ ಹಾಕುತ್ತಾರೆಯೇ?