ಪೇರಲೆ ಅಲ್ಲ, ಅತ್ತೆ!

ಸಾಗರದಿಂದ ಅಮೆರಿಕದ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿಗೆ ಬಂದಿಳಿದ ಮರುದಿನ ಬೆಳಿಗ್ಗೆ ನಮ್ಮತ್ತೆ ಸೀದಾ ಹಿತ್ತಲಿಗೆ ಹೋದರು. ಅಲ್ಲಿದ್ದ ಮರದಿಂದ ಎರಡು ಚಿಗುರೆಲೆ ಕಿತ್ತು ಬಾಯಿಗೆ ಹಾಕಿಕೊಂಡು ಜಗಿಯತೊಡಗಿದರು. ವಿಮಾನದಲ್ಲಿ ಕೊಟ್ಟ ಗಟ್ಟಿ ಬನ್ನು ಕಚ್ಚಿ ಹಲ್ಲು ನೋಯುತ್ತಿತ್ತಂತೆ. ಹಲ್ಲುನೋವಿಗೆ ಪೇರಲೆ ಎಲೆ ಬಿಟ್ಟರೆ ಮದ್ದಿಲ್ಲ ಎಂಬುದು ಅವರ ನಂಬಿಕೆ.

“ಎಂತದೇ ಮಾರಾಯ್ತಿ, ನಿಮ್ಮ ಪೇರಲೆ ಎಲೆಗೆ ಒಗರೇ ಇಲ್ಲ.”

“ಅತ್ತೆ, ಅದು ಪೇರಲೆ ಅಲ್ಲ, ಪೇರ್.”

“ನಾನೂ ಅದನ್ನೇ ಹೇಳಿದ್ದು.”

ತಪ್ಪು ನನ್ನ ಗಂಡನದು. “ಬಾಡಿಗೆ ಮನೆ ಹಿತ್ತಲಲ್ಲಿ ಪೇರ್ ಮರ ಇದೆ, ಕಾಯಿ ಭಾರಕ್ಕೆ ಕೊಂಬೆ ನೆಲ ಮುಟ್ಟಿದೆ” ಎಂದು ಫೋನಿನಲ್ಲಿ ಹೇಳಿದ್ದ. ಪೇರ್ ಮುಂದೆ ಒಂದು ‘ಅಲೆ’ಯನ್ನು ಅತ್ತೆಯೇ ಸೇರಿಸಿಕೊಂಡಿದ್ದರು. ನಾನು ಮೈಸೂರಿನವಳು, ನಮಗದು ಬೇರಿಕಾಯಿ. ನಿಘಂಟು ತೆಗೆದರೆ ‘ಮರಸೇಬು’ ಅಂತಿದೆ. ಹಾಗಾದರೆ ಸೇಬೇನು ಗೆಡ್ಡೆಯೇ?

ಹೆಸರಿನ ಈ ಗೋಜಲು ನಮ್ಮ ಮನೆಯದಷ್ಟೇ ಅಲ್ಲ. ನಮ್ಮ ಮರ ಬಾರ್ಟ್‌ಲೆಟ್ ಜಾತಿಯದು. ಇದೇ ಹಣ್ಣಿಗೆ ಇಂಗ್ಲೆಂಡಿನಲ್ಲಿ ವಿಲಿಯಮ್ಸ್ ಎಂದು ಹೆಸರು. ಮ್ಯಾಸಚೂಸೆಟ್ಸ್‌ನಲ್ಲಿ ಈ ಮರಗಳಿದ್ದ ಜಾಗ ಕೊಂಡ ಈನಕ್ ಬಾರ್ಟ್‌ಲೆಟ್ ಎಂಬಾತ, ಅಸಲು ಹೆಸರು ಗೊತ್ತಿಲ್ಲದೆ ತನ್ನ ಹೆಸರನ್ನೇ ಅಂಟಿಸಿ ಊರಿಗೆಲ್ಲ ಹಂಚಿಬಿಟ್ಟ. ಅಮೆರಿಕದಲ್ಲಿ ಅದೇ ಗಟ್ಟಿಯಾಯಿತು. ಈ ಕಥೆ ಹೇಳಿದ್ದೇ ತಪ್ಪಾಯಿತು. “ಅವನು ಬಾಯಿಗೆ ಬಂದ ಹೆಸರು ಕರೆದರೆ ಆಗ್ತದೆ, ನಾನು ಪೇರಲೆ ಅಂದರೆ ತಪ್ಪಾ?” ಎಂದರು ಅತ್ತೆ. ಆ ವಿಷಯ ಅಲ್ಲಿಗೆ ಮುಗಿಯಿತು.

ಅತ್ತೆ ಹಲಸು-ಮಾವಿನ ಸೀಮೆಯವರು. ಯಾವ ಹಣ್ಣಾದರೂ ಬೆಳೆದಿದೆಯೋ ಇಲ್ಲವೋ ಎಂದು ಬೆರಳ ಗಂಟಿನಿಂದ ತಟ್ಟಿಯೇ ಹೇಳಬಲ್ಲರು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮರದ ಕೆಳಗೆ ನಿಂತು ಒಂದೊಂದೇ ಪೇರನ್ನು ಟಕ್ ಟಕ್ ಎನ್ನಿಸುವರು, ಮೂಸುವರು, “ಇನ್ನೂ ನಾಲ್ಕು ದಿನ ಇರಲಿ” ಎನ್ನುವರು. ಆಗಸ್ಟ್ ತಿಂಗಳು ಹೀಗೇ ಸರಿಯುತ್ತಿತ್ತು. ಹಣ್ಣು ಹಸಿರಾಗಿಯೇ ಇತ್ತು, ಕಲ್ಲಿನಂತೆಯೇ ಇತ್ತು, ಪರಿಮಳದ ಸುಳಿವಿರಲಿಲ್ಲ.

ಆಮೇಲೆ ಒಂದೊಂದೇ ಬೀಳತೊಡಗಿದವು. ಹೊರಗಿನಿಂದ ನೋಡಿದರೆ ಎಂಥ ಚಂದ! ಸೀಳಿದರೆ ನಡುವೆಲ್ಲ ಕಂದು ಬಣ್ಣದ ಅಂಬಲಿ. ಬಿದ್ದ ಹಣ್ಣಿಗೆ ಹಳದಿ ಪಟ್ಟೆಯ ಕಣಜಗಳು ಮುತ್ತಿದವು. ಹೊಸ ಮನೆಗೆ ಬಂದಾಗ “ಕಣಜ ತುಂಬಲಿ” ಎಂದು ಅತ್ತೆ ಹರಸಿದ್ದರು. ಹಿರಿಯರ ಮಾತು ಸುಳ್ಳಾಗುವುದಿಲ್ಲ, ತುಂಬಿತು. ನನ್ನ ಗಂಡನ ಕಿವಿಯೂ ಒಂದು ದಿನ ತುಂಬಿಕೊಂಡಿತ್ತು.

ಬೇಲಿಯಾಚೆಯ ಅಜ್ಜಿ ಇಷ್ಟು ದಿನ ನಮ್ಮ ತಟ್ಟುವ ಕಾರ್ಯಕ್ರಮವನ್ನು ಯಾವುದೋ ಪೂಜೆ ಅಂದುಕೊಂಡು ಮರ್ಯಾದೆಯಿಂದ ಸುಮ್ಮನಿದ್ದರಂತೆ. ಕೊನೆಗೆ ತಡೆಯಲಾಗದೆ ಒಳಗೆ ಬಂದು, ಒಂದು ಪೇರನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಅಡ್ಡಕ್ಕೆ ಎತ್ತಿದರು. ತೊಟ್ಟು ‘ಚಟ್’ ಎಂದು ಕಳಚಿಕೊಂಡಿತು. ಹಾಗೆ ಕಳಚಿದರೆ ಕೀಳುವ ಹೊತ್ತಾಗಿದೆ ಎಂದರ್ಥ. ಪೇರು ಮರದಲ್ಲಿ ಹಣ್ಣಾಗುವ ಜಾತಿಯಲ್ಲ, ಬಿಟ್ಟರೆ ಒಳಗಿನಿಂದಲೇ ಮೆತ್ತಗಾಗುತ್ತ ಬರುತ್ತದೆ. ಹೊರಗೆ ಗೊತ್ತಾಗುವಾಗ ಒಳಗೆ ಕಥೆ ಮುಗಿದಿರುತ್ತದೆ. ಗಟ್ಟಿ ಇರುವಾಗಲೇ ಕಿತ್ತು, ಕೆಲವು ದಿನ ತಣ್ಣಗಿಟ್ಟು, ಬೇಕಾದಷ್ಟನ್ನೇ ಹೊರಗೆ ತೆಗೆದು, ತೊಟ್ಟಿನ ಹತ್ತಿರ ಕುತ್ತಿಗೆ ಒತ್ತಿ ನೋಡಬೇಕು. ಕುತ್ತಿಗೆ ಬಗ್ಗಿದರೆ ತಿನ್ನಬೇಕು.

ಸಂಜೆಯೊಳಗೆ ಹನ್ನೊಂದು ಬಕೆಟ್ ಕಿತ್ತೆವು. ‘ಬೇಕಾದಷ್ಟನ್ನೇ’ ಎಂಬ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅತ್ತೆ ಮಾವಿನಕಾಯಿಯನ್ನು ಹುಲ್ಲಿನಲ್ಲಿ ಹಣ್ಣಿಗೆ ಹಾಕಿದವರು. ಹುಲ್ಲಿಲ್ಲದ್ದಕ್ಕೆ ಗ್ಯಾರೇಜಿನಲ್ಲಿ ಹಳೆಯ ಕಂಬಳಿ ಹಾಸಿ, ಹನ್ನೊಂದು ಬಕೆಟ್ಟೂ ಸುರಿದು, ನಡುವೆ ಆರು ಬಾಳೆಹಣ್ಣಿಟ್ಟು, ಮೇಲೊಂದು ಕಂಬಳಿ ಹೊದೆಸಿದರು. ಕಾರು ರಸ್ತೆಗೆ ಬಂತು.

ಐದನೆಯ ದಿನ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆದರೆ ಘಮ್ಮೆಂದಿತು. ಎಲ್ಲವೂ ಒಟ್ಟಿಗೇ ಹಣ್ಣಾಗಿದ್ದವು. ಒಂದೂ ಹಿಂದೆ ಉಳಿದಿರಲಿಲ್ಲ.

ಹಂಚೋಣವೆಂದರೆ ತಗೊಳ್ಳುವವರು ಬೇಕಲ್ಲ. ಪೇರು ಓರೆಗಾನ್‌ನ ರಾಜ್ಯ ಹಣ್ಣು, 2005ರಿಂದ. ಹುಡ್ ಪರ್ವತದ ತಪ್ಪಲಿನ ಕಣಿವೆ ತುಂಬ ಅದರದ್ದೇ ತೋಟ. ಈ ಊರಲ್ಲಿ ಪೇರ್ ಹಂಚುವುದು ಸಾಗರದಲ್ಲಿ ಅಡಿಕೆ ಉಡುಗೊರೆ ಕೊಟ್ಟ ಹಾಗೆ. ನನ್ನ ಗಂಡ ಆಫೀಸಿಗೆ ಎರಡು ಚೀಲ ಒಯ್ದ, ಮೂರು ಚೀಲ ವಾಪಸು ತಂದ. ಮೂರನೆಯದರಲ್ಲಿ ಯಾರದೋ ಮನೆಯ ಸೌತೆಕಾಯಿ.

ಮೊದಲ ಹಣ್ಣು ಹೆಚ್ಚಿ ತಿಂದ ಅತ್ತೆ ಥೂ ಎಂದು ಉಗುಳಿದರು. “ಮರಳು. ಸರಿ ತೊಳೆದಿಲ್ಲ ನೀನು.” ಮತ್ತೆ ತೊಳೆದೆ. ಮತ್ತೆ ಮರಳು. ಮೂರನೆಯ ಸಲ ಅವರೇ ಉಪ್ಪು ನೀರಲ್ಲಿ ತಿಕ್ಕಿ ತೊಳೆದರು. ಅದು ಹಣ್ಣಿನ ತಿರುಳಿನಲ್ಲೇ ಇರುವ ಗಟ್ಟಿ ಕೋಶಗಳ ಗುಂಪು, ಪೇರಿನ ಹುಟ್ಟುಗುಣ ಎಂದು ಅವರ ಮಗನೇ ವಿವರಿಸಿದ ಮೇಲೆ ನನ್ನತ್ತ ನೋಡದೆ “ಹೂಂ” ಎಂದರು. ಹತ್ತು ವರ್ಷದಲ್ಲಿ ನಾನು ಪಡೆದ ದೊಡ್ಡ ಕ್ಷಮಾಪಣೆ ಅದೇ.

ಅಡುಗೆಯಲ್ಲಿ ಮಾತ್ರ ಅವರನ್ನು ಮೀರಿಸುವಂತಿಲ್ಲ. ಸ್ವಲ್ಪ ಗಟ್ಟಿ ಇದ್ದುದನ್ನು ಆರಿಸಿ, ಎಳ್ಳು, ಉದ್ದಿನಬೇಳೆ, ಒಣಮೆಣಸು ಹುರಿದು ಕಾಯಿತುರಿ ಜೊತೆ ರುಬ್ಬಿ, ಹುಣಸೆ-ಬೆಲ್ಲ ಹಾಕಿ ಮೆಣಸ್ಕಾಯಿ ಮಾಡಿದರು. ಅನಾನಸಿನದು ಇದರ ಮುಂದೆ ಸುಮ್ಮನೆ. ಮರುದಿನ ಸಾಸಿವೆ, ಅದರ ಮರುದಿನ ಕೇಸರಿಬಾತು, ಆಮೇಲೆ ಗೊಜ್ಜು. ಆರನೆಯ ದಿನ ಮಗಳು ಊಟಕ್ಕೆ ಕೂರುವ ಮೊದಲು “ಇದರಲ್ಲಿ ಪೇರ್ ಎಲ್ಲಿದೆ, ಮೊದಲೇ ತೋರಿಸಿ” ಎಂದಳು.

ಆಗ ಮಾಂಬಳದ ಯೋಚನೆ ಬಂತು. ರಸ ಮಾಡಿ, ಚಾಪೆ ಮೇಲೆ ಹರಡಿ, ಬಿಸಿಲಿಗೆ ಒಣಗಿಸಿ, ಅದರ ಮೇಲೆ ಇನ್ನೊಂದು ಪದರ. “ಮನೆಯಲ್ಲಿ ಚಾಪೆ ಇಲ್ವಾ?” ಎಂದು ಅತ್ತೆ ಕೇಳಿದರು. ನಾನು ಉತ್ತರಿಸುವ ಮೊದಲೇ ನನ್ನ ಗಂಡ ನನ್ನ ಯೋಗದ ಚಾಪೆ ತಂದು ಹಾಸಿದ. ಅದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹೊದಿಸಿದ್ದ, ಎಣ್ಣೆ ಸವರುವುದನ್ನು ಮರೆತಿದ್ದ. ಎರಡು ದಿನ ಕಣಜ ಓಡಿಸುತ್ತ ಕಾದು ಎಬ್ಬಿಸಲು ಹೋದರೆ ಪ್ಲಾಸ್ಟಿಕ್ಕು, ಮಾಂಬಳ, ಚಾಪೆ ಮೂರೂ ಅಖಂಡವಾಗಿದ್ದವು. ಈಗಲೂ ಶವಾಸನದಲ್ಲಿ ತಲೆ ಎತ್ತಿದರೆ ಕೂದಲು ನಾಲ್ಕು ಅಲ್ಲೇ ಉಳಿಯುತ್ತದೆ.

ಉಳಿದದ್ದೆಲ್ಲ ಜಾಮ್ ಆಗಲಿ ಎಂದು ತೀರ್ಮಾನವಾಯಿತು. ಪೇರಿನಲ್ಲಿ ಜಾಮ್ ಗಟ್ಟಿಯಾಗಿಸುವ ಪೆಕ್ಟಿನ್ ಅಂಶ ಕಡಿಮೆ, ತೀರ ಹಣ್ಣಾದ ಮೇಲಂತೂ ಇನ್ನೂ ಕಡಿಮೆ, ಅಂಗಡಿಯ ಪೆಕ್ಟಿನ್ ಪುಡಿ ಹಾಕಿ ಎಂದು ಬೇಲಿಯಾಚೆಯ ಅಜ್ಜಿ ಎಚ್ಚರಿಸಿದ್ದರು. ಅತ್ತೆಗೆ ಪುಡಿ ಎಂದರೆ ಅನುಮಾನ. “ಎಳೆ ಪಾಕ ಬಂದರೆ ಸಾಕು” ಎಂದು ದೊಡ್ಡ ಪಾತ್ರೆ ಏರಿಸಿ ಸೌಟು ಹಿಡಿದು ನಿಂತರು. ಫೋನಿನಲ್ಲಿ ನಾದಿನಿ ಸಿಕ್ಕಳು. ಪಾಕ ಉಕ್ಕಿ ಒಲೆಗೆ ಸುರಿಯಿತು, ಹೊಗೆಯ ಅಲಾರಾಂ ಕಿರುಚತೊಡಗಿತು. ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದರೆ ಅತ್ತೆ ಫೋನಿಗೆ “ಎಂತದೂ ಇಲ್ಲ, ಇಲ್ಲಿ ಅಡುಗೆ ಆದರೆ ಗಂಟೆ ಹೊಡೀತದೆ” ಎನ್ನುತ್ತಿದ್ದರು.

ನಿಂಬೆರಸ ಹಿಂಡಿ, ಕುದಿವ ಪಾಕವನ್ನು ಬಿಸಿ ಬಾಟಲಿಗಳಿಗೆ ಸುರಿದು, ಮುಚ್ಚಳ ತಿರುಗಿಸಿ, ಮುಳುಗುವಷ್ಟು ನೀರಿನಲ್ಲಿ ಕುದಿಸಿ ತೆಗೆದಿಟ್ಟೆವು. ತಣಿಯುತ್ತ ಮುಚ್ಚಳ ಒಳಕ್ಕೆ ಎಳೆದುಕೊಳ್ಳುವಾಗ ‘ಟಿಣ್’ ಎನ್ನಬೇಕು, ಎನ್ನದಿದ್ದರೆ ಅದು ಕೂತಿಲ್ಲವೆಂದು ಅರ್ಥ. ಕುಕ್ಕರ್ ಸೀಟಿ ಎಣಿಸಿ ರೂಢಿಯಿದ್ದ ಅತ್ತೆ ದೀಪ ಆರಿಸಿ, ಕತ್ತಲಲ್ಲಿ ಬೆರಳು ಮಡಚುತ್ತ ಕೂತರು. ಹದಿನಾಲ್ಕು ಬಾಟಲಿ, ಹದಿಮೂರು ಟಿಣ್. ರಾತ್ರಿ ಒಂದು ಗಂಟೆಯಾದರೂ ಅವರು ಕೂತಲ್ಲಿಂದ ಎದ್ದಿರಲಿಲ್ಲ.

ಬೆಳಿಗ್ಗೆ ಆ ಹದಿನಾಲ್ಕನೆಯದನ್ನು ಬಿಚ್ಚಿ ಚಮಚ ಹಾಕಿದರೆ ಚಮಚ ಮುಳುಗಿ ಕಾಣೆಯಾಯಿತು. ಜಾಮ್ ಆಗಿರಲಿಲ್ಲ. ಬೆರಳಿನಿಂದ ನೂಲಿನಂತೆ ಇಳಿಯುವ ಹೊಂಬಣ್ಣದ ಪಾಕ. ನಾನು ಅಳುವುದರಲ್ಲಿದ್ದೆ. ಅತ್ತೆ ಏನೂ ಹೇಳದೆ ಕಾವಲಿ ಇಟ್ಟು ತೆಳ್ಳನೆಯ ದೋಸೆ ಹುಯ್ದು, ಬೆಣ್ಣೆ ಹಾಕಿ, ಪಕ್ಕದಲ್ಲಿ ಅದನ್ನು ಸುರಿದು ತಟ್ಟೆ ಮುಂದಿಟ್ಟರು. ಜೋನಿ ಬೆಲ್ಲ! ಇಪ್ಪತ್ತು ವರ್ಷದಿಂದ ಊರಿನ ಜೋನಿ ಬೆಲ್ಲಕ್ಕೆ ಹಲುಬುತ್ತಿದ್ದ ನನ್ನ ಗಂಡ ಅವತ್ತು ಒಂಬತ್ತು ದೋಸೆ ತಿಂದ.

ಅತ್ತೆ ಹೊರಟಾಗ ಸೂಟ್‌ಕೇಸಿನಲ್ಲಿ ಆರು ಬಾಟಲಿ ಹೋದವು. ಒಂದು ಸೋರಿ ಮಾವನಿಗೆಂದು ಕೊಂಡ ಸ್ವೆಟರ್ ಈಗ ಗಂಜಿ ಹಾಕಿದಂತೆ ನಿಲ್ಲುತ್ತದಂತೆ. ಮೊನ್ನೆ ಫೋನ್ ಮಾಡಿದ್ದರು.

“ಕೇರಿಯವರಿಗೆಲ್ಲ ದೋಸೆ ಜೊತೆ ಕೊಟ್ಟೆ ಮಾರಾಯ್ತಿ. ಎಲ್ಲರೂ ಬೀಜ ಕೇಳ್ತಿದಾರೆ.”

“ಯಾವುದರ ಬೀಜ ಅತ್ತೆ?”

“ಅಮೆರಿಕದ ಪೇರಲೆದು.”