ಗರ್ಭಿಣಿಯ ರಕ್ತ ಪರೀಕ್ಷೆ: ಅಲ್ಲೊಂದು ಲೆಕ್ಕ, ಇಲ್ಲೊಂದು ಲೆಕ್ಕ

ಐದು ತಿಂಗಳ ಗರ್ಭಿಣಿಯೊಬ್ಬಳ ಹಿಮೋಗ್ಲೋಬಿನ್ 10.8 ಇದ್ದರೆ ಆಕೆಗೆ ರಕ್ತಹೀನತೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಭಾರತದಲ್ಲಿ ಒಂದು ಉತ್ತರ ಸಿಗುತ್ತದೆ, ನಾನಿರುವ ಬ್ರಿಟನ್ನಿನಲ್ಲಿ ಮತ್ತೊಂದು. ಭಾರತದ ಆರೋಗ್ಯ ಕಾರ್ಯಕ್ರಮಗಳು ಬಸಿರಿನ ಒಂಬತ್ತೂ ತಿಂಗಳಿಗೆ ಡೆಸಿಲೀಟರ್‌ಗೆ 11 ಗ್ರಾಂ ಎಂಬ ಒಂದೇ ಗೆರೆಯನ್ನು ಪಾಲಿಸಿಕೊಂಡು ಬಂದಿರುವುದರಿಂದ ಅಲ್ಲಿ ಆಕೆ ರಕ್ತಹೀನತೆಯ ಪಟ್ಟಿಗೆ ಸೇರುತ್ತಾಳೆ. ಬ್ರಿಟನ್ನಿನಲ್ಲಿ ಮೊದಲ ತ್ರೈಮಾಸಿಕಕ್ಕೆ 11, ಅನಂತರದ ತಿಂಗಳುಗಳಿಗೆ 10.5 ಎಂದು ಗೆರೆಯನ್ನು ಇಳಿಸಿರುವುದರಿಂದ ಅದೇ ರಕ್ತ ಇಲ್ಲಿ ಸಹಜ ಎನಿಸಿಕೊಳ್ಳುತ್ತದೆ. ಸಾಲದ್ದಕ್ಕೆ ಇಲ್ಲಿನ ಪ್ರಯೋಗಾಲಯಗಳು ಲೀಟರ್ ಲೆಕ್ಕದಲ್ಲಿ ಬರೆಯುವುದರಿಂದ 10.8 ಎಂಬುದು 108 ಆಗುತ್ತದೆ. ಹೊಸದಾಗಿ ಬಂದಿದ್ದ ನನ್ನ ಅತ್ತಿಗೆ ತಮ್ಮ ವರದಿಯಲ್ಲಿ ಆ ಅಂಕಿಯನ್ನು ಕಂಡು ಗಾಬರಿಯಿಂದ ಫೋನ್ ಮಾಡಿದ್ದರು. ನಾನು ವೈದ್ಯನಲ್ಲ. ಆದರೆ ಎರಡೂ ಕಡೆಯ ಕುಟುಂಬಗಳ ವರದಿಗಳನ್ನು ನೋಡುತ್ತಾ, ಅವುಗಳ ಹಿಂದಿನ ನಿಯಮಗಳನ್ನು ಓದುತ್ತಾ ಬಂದ ಮೇಲೆ, ಎರಡು ದೇಶಗಳೂ ತಾಯಿಯ ರಕ್ತವನ್ನು ಅರ್ಧ ಮಾತ್ರ ಓದುತ್ತಿವೆ, ಅದೂ ತಡವಾಗಿ ಓದುತ್ತಿವೆ ಎಂಬ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ.

ಮೊದಲು ಆ ಗೆರೆಯ ವಿಷಯ. ಬಸಿರಿನಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಕೆಂಪು ರಕ್ತಕಣಗಳ ಮೊತ್ತ ಅಷ್ಟು ಹೆಚ್ಚುವುದಿಲ್ಲ. ಹಾಗಾಗಿ ರಕ್ತ ತೆಳುವಾಗಿ ಹಿಮೋಗ್ಲೋಬಿನ್ ಅಂಕಿ ತಾನಾಗಿ ಕೆಳಗಿಳಿಯುತ್ತದೆ, ಎರಡನೆಯ ತ್ರೈಮಾಸಿಕದಲ್ಲಂತೂ ಇದು ಎದ್ದು ಕಾಣುತ್ತದೆ. ಈ ಇಳಿಕೆ ಕಾಯಿಲೆಯಲ್ಲ, ಮಾಸಿಗೆ (ಗರ್ಭದಲ್ಲಿ ಮಗುವನ್ನು ಪೋಷಿಸುವ ಪ್ಲಾಸೆಂಟಾಗೆ) ರಕ್ತ ಸಲೀಸಾಗಿ ಹರಿಯಲು ದೇಹ ಮಾಡಿಕೊಳ್ಳುವ ಏರ್ಪಾಡು. ಬಸಿರಿನಲ್ಲಿ ಹಿಮೋಗ್ಲೋಬಿನ್ 13ಕ್ಕಿಂತ ಮೇಲೆಯೇ ನಿಂತಿದ್ದರೆ ಅದು ಪ್ಲಾಸ್ಮಾ ಸರಿಯಾಗಿ ಹೆಚ್ಚದಿರುವುದರ ಸೂಚನೆಯಾಗಿರಬಹುದು. ಅಂಥ ಗರ್ಭಿಣಿಯರಲ್ಲಿಯೂ ಮಗುವಿನ ತೂಕ ಕಡಿಮೆಯಾಗುವಂಥ ತೊಂದರೆಗಳು ಹೆಚ್ಚು ಕಂಡುಬಂದಿವೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಎರಡನೆಯ ತ್ರೈಮಾಸಿಕದ ಗೆರೆಯನ್ನು 10.5ಕ್ಕೆ ಇಳಿಸಿ, ಉಳಿದೆರಡಕ್ಕೆ 11 ಎಂದೇ ಇಟ್ಟಿದೆ. ಆ ವಿಂಗಡಣೆ ನನಗೆ ಎರಡೂ ದೇಶಗಳ ಲೆಕ್ಕಕ್ಕಿಂತ ಸಮಂಜಸವಾಗಿ ಕಾಣುತ್ತದೆ.

ಗೆರೆ ಎಲ್ಲಿರಬೇಕು ಎಂಬುದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ದೇಹದಲ್ಲಿ ಕಬ್ಬಿಣಾಂಶ ಕಡಿಮೆಯಾಗುತ್ತಾ ಬಂದಾಗ ಮೊದಲು ಖಾಲಿಯಾಗುವುದು ದಾಸ್ತಾನು. ಹಿಮೋಗ್ಲೋಬಿನ್ ಕುಸಿಯುವುದು ಕೊನೆಯಲ್ಲಿ. ದಾಸ್ತಾನನ್ನು ತೋರಿಸುವ ಫೆರಿಟಿನ್ ಎಂಬ ಅಂಶವನ್ನು ಅಳೆಯದೆ ಹಿಮೋಗ್ಲೋಬಿನ್ ಒಂದನ್ನೇ ನೋಡಿದರೆ, 11.5 ಇರುವ ತಾಯಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾಳೆ, ಆಕೆಯ ದಾಸ್ತಾನು ಬರಿದಾಗಿರಬಹುದು. ಒಂದು ಬಸಿರಿಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು, ಅದರಲ್ಲಿ ಸುಮಾರು 300 ಮಿಲಿಗ್ರಾಂ ಮಗುವಿಗೂ ಮಾಸಿಗೂ ಸಲ್ಲುತ್ತದೆ. ಕೊನೆಯ ಮೂರು ತಿಂಗಳಲ್ಲಿ ಮಗು ಕೂಡಿಟ್ಟುಕೊಳ್ಳುವ ಈ ಕಬ್ಬಿಣವೇ ಹುಟ್ಟಿದ ಮೇಲಿನ ಮೊದಲ ಆರು ತಿಂಗಳು ಅದರ ಮೆದುಳಿನ ಬೆಳವಣಿಗೆಗೆ ಒದಗುವಂಥದ್ದು. ಬ್ರಿಟನ್ನಿನಲ್ಲಿಯೂ ಫೆರಿಟಿನ್ ಎಲ್ಲರಿಗೂ ಮಾಡುವ ಪರೀಕ್ಷೆಯಲ್ಲ, ಕೊರತೆಯ ಸಾಧ್ಯತೆ ಹೆಚ್ಚಿರುವವರಿಗೆ ಮಾತ್ರ ಎಂಬ ಸಲಹೆ ಇದೆ. ಸೋಂಕು ಅಥವಾ ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ ಎಂಬುದು ನಿಜ. ಅದಕ್ಕೆ ಉರಿಯೂತದ ಸೂಚಕವನ್ನೂ ಜೊತೆಗೆ ಅಳೆಯುವುದೇ ದಾರಿ, ಪರೀಕ್ಷೆಯನ್ನೇ ಕೈಬಿಡುವುದಲ್ಲ.

ರಕ್ತವನ್ನು ತೆಗೆಯುವ ಬಗೆಯೂ ಉತ್ತರವನ್ನು ಬದಲಿಸುತ್ತದೆ. ಭಾರತದ 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೆರಳಿನಿಂದ ಹನಿ ರಕ್ತ ತೆಗೆದು ನೋಡಿ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ ಸುಮಾರು 59ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದಿತು. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಅಳೆದಾಗ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಸಿಕ್ಕಿದ್ದು ಶೇಕಡಾ ಸುಮಾರು 41. ವಯಸ್ಸಿನ ಗುಂಪುಗಳಲ್ಲಿ ಸ್ವಲ್ಪ ವ್ಯತ್ಯಾಸವಿದೆಯಾದರೂ ಇಷ್ಟು ದೊಡ್ಡ ಅಂತರಕ್ಕೆ ಅದೊಂದೇ ಕಾರಣವಾಗಲಾರದು. ಬೆರಳು ಹಿಂಡಿದಾಗ ಹನಿಯೊಳಗೆ ಜೀವಕೋಶಗಳ ನಡುವಿನ ದ್ರವ ಬೆರೆತು ಅಂಕಿ ಕೆಡುವುದು ತಿಳಿದಿರುವ ಸಂಗತಿಯೇ. ಆದರೂ ಭಾರತದ ಆ ಎರಡನೆಯ ಸಮೀಕ್ಷೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ: ಫೆರಿಟಿನ್, ಫೋಲೇಟ್ (ಮಾತ್ರೆಯಲ್ಲಿ ಫೋಲಿಕ್ ಆಮ್ಲವಾಗಿ ಸಿಗುವ ಬಿ ವಿಟಮಿನ್), ಬಿ12, ಸತು, ಎ ಮತ್ತು ಡಿ ವಿಟಮಿನ್‌ಗಳನ್ನು ದೇಶದಾದ್ಯಂತ ಮಕ್ಕಳ ರಕ್ತದಲ್ಲಿ ಅಳೆಯುವುದು ಸಣ್ಣ ಕೆಲಸವಲ್ಲ. ಗರ್ಭಿಣಿಯರಿಗೂ ಅಂಥದ್ದೊಂದು ಸಮೀಕ್ಷೆ ಆಗಬೇಕು.

ಈಗ ಕೊಡುವ ಪದ್ಧತಿಗೆ ಬರೋಣ. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಪ್ರತಿ ಗರ್ಭಿಣಿಗೂ ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆ ಸಿಗಬೇಕು. ವರದಿ ಬರಲಿ ಎಂದು ಅಲ್ಲಿ ಯಾರೂ ಕಾಯುವುದಿಲ್ಲ. ಬ್ರಿಟನ್ನಿನಲ್ಲಿ ಮೊದಲ ಭೇಟಿಯಲ್ಲಿ ಮತ್ತು 28ನೆಯ ವಾರದಲ್ಲಿ ರಕ್ತ ನೋಡಿ, ಬೇಕೆನಿಸಿದವರಿಗೆ ಮಾತ್ರ ಕಬ್ಬಿಣ ಕೊಡುತ್ತಾರೆ. ಇಲ್ಲಿನ ಕನ್ನಡಿಗರಲ್ಲಿ ಹಲವರು ಇದನ್ನು ಹೆಚ್ಚು ವೈಜ್ಞಾನಿಕ ಎಂದು ಹೊಗಳುವುದನ್ನು ಕೇಳಿದ್ದೇನೆ, ನಾನು ಒಪ್ಪುವುದಿಲ್ಲ. ಭಾರತದ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಗರ್ಭಿಣಿಯರಲ್ಲಿ ಶೇಕಡಾ 52 ಮಂದಿಗೆ ರಕ್ತಹೀನತೆ ಇರುವ ದೇಶದಲ್ಲಿ, ಬೆರಳಿನ ಹನಿಯ ದೋಷವನ್ನು ಕಳೆದು ನೋಡಿದರೂ, ಮೊದಲು ಕೊಟ್ಟು ಆಮೇಲೆ ಅಳೆಯುವುದೇ ಸರಿಯಾದ ಕ್ರಮ. ಭಾರತ ಎಡವುತ್ತಿರುವುದು ಕೊಡುವುದರಲ್ಲಲ್ಲ, ಕೊಟ್ಟ ಮೇಲೆ ನೋಡದಿರುವುದರಲ್ಲಿ. ಮಾತ್ರೆ ನುಂಗಿಯೂ ಅಂಕಿ ಏರದಿದ್ದರೆ ಕಾರಣ ಕಬ್ಬಿಣದ ಕೊರತೆಯೇ, ಬಿ12 ಕೊರತೆಯೇ, ಆನುವಂಶಿಕ ರಕ್ತದ ಕಾಯಿಲೆಯಾದ ಥಲಸ್ಸೇಮಿಯಾವೇ, ಕೊಕ್ಕೆಹುಳುವೇ ಎಂದು ಬಿಡಿಸಿ ನೋಡಬೇಕಾದ ಹಂತದಲ್ಲಿ ಎಷ್ಟೋ ಕಡೆ ಅದೇ ಮಾತ್ರೆಯನ್ನು ದುಪ್ಪಟ್ಟು ಮಾಡಿ ಕೈತೊಳೆದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಮೊದಲ ಭೇಟಿಯಲ್ಲಿಯೇ ಥಲಸ್ಸೇಮಿಯಾ ಮತ್ತು ಅಂಥದ್ದೇ ಆನುವಂಶಿಕ ಕಾಯಿಲೆಯಾದ ಸಿಕಲ್ ಸೆಲ್ ತಪಾಸಣೆಗೆ ಅವಕಾಶವಿರುವುದನ್ನು ನಾವು ಕಲಿಯಬೇಕು.

ಫೋಲಿಕ್ ಆಮ್ಲದ ವಿಷಯದಲ್ಲಿ ಮಾತ್ರ ಬ್ರಿಟನ್ ನಡೆದುಕೊಂಡ ರೀತಿ ನನಗೆ ನಿಜವಾಗಿಯೂ ನೋವು ತರುತ್ತದೆ. ಈ ಇಡೀ ಕಥೆ ಶುರುವಾದದ್ದೇ ಭಾರತದ ಗರ್ಭಿಣಿಯರ ರಕ್ತದಿಂದ. ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಜವಳಿ ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರಲ್ಲಿ ಕಂಡುಬರುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುತ್ತದೆ ಎಂದು ತೋರಿಸಿ 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದದ್ದು ಫೋಲೇಟ್ ಎಂದು ಮುಂದೆ ತಿಳಿಯಿತು. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಬಂತು: ಹಿಂದೊಮ್ಮೆ ನರನಾಳದ (ಮುಂದೆ ಮೆದುಳು, ಬೆನ್ನುಹುರಿಯಾಗಿ ಬೆಳೆಯುವ ಭಾಗದ) ದೋಷವಿದ್ದ ಮಗುವನ್ನು ಹೆತ್ತಿದ್ದ ತಾಯಂದಿರು ಬಸಿರಿಗೆ ಮೊದಲಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಆ ದೋಷ ಮರುಕಳಿಸುವುದು ಶೇಕಡಾ 72ರಷ್ಟು ತಗ್ಗುತ್ತದೆ. ಅಮೆರಿಕ 1998ರಿಂದ ಧಾನ್ಯದ ಹಿಟ್ಟಿಗೆ ಅದನ್ನು ಬೆರೆಸುವುದನ್ನು ಕಡ್ಡಾಯ ಮಾಡಿತು. ಆ ಪ್ರಯೋಗವನ್ನೇ ಮುನ್ನಡೆಸಿದ ಬ್ರಿಟನ್ ಮಾತ್ರ 2021ರ ತನಕ ಮೀನಮೇಷ ಎಣಿಸಿತು. ನಿಯಮ ಸಿದ್ಧವಾದದ್ದು 2024ರಲ್ಲಿ, ಜಾರಿಗೆ ಗೊತ್ತುಮಾಡಿದ್ದು 2026ರ ಕೊನೆ. ಅದೂ ತೌಡು ತೆಗೆಯದ ಗೋಧಿ ಹಿಟ್ಟನ್ನು ಹೊರಗಿಟ್ಟು.

ಇಷ್ಟು ಕಾಯಬಾರದಾಗಿತ್ತು ಎನ್ನಲು ಕಾರಣ ಸರಳ. ಮಗುವಿನ ನರನಾಳ ಗರ್ಭಧಾರಣೆಯಾದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ತಾನು ಬಸುರಿ ಎಂದು ಹೆಣ್ಣಿಗೆ ಖಚಿತವಾಗುವ ಹೊತ್ತಿಗೆ ಆ ಗಡುವು ಬಹುಪಾಲು ಮುಗಿದಿರುತ್ತದೆ. ಕೆಂಪುಕಣವೊಂದರ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಕೆಂಪುಕಣದೊಳಗಿನ ಫೋಲೇಟ್ ಮಟ್ಟ ಕಳೆದ ನಾಲ್ಕು ತಿಂಗಳ ಪೋಷಣೆಯನ್ನು ಹೇಳುತ್ತದೆ. ಅದು ಲೀಟರ್‌ಗೆ 906 ನ್ಯಾನೋಮೋಲ್‌ಗಿಂತ ಮೇಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಅದಕ್ಕಿಂತ ಕೆಳಗಿನ ಗೆರೆಯೊಂದನ್ನು ಇಟ್ಟುಕೊಂಡು ಅಳೆದ ಬ್ರಿಟನ್ನಿನ ಪೋಷಣಾ ಸಮೀಕ್ಷೆಯಲ್ಲಿಯೇ, ತಾಯಿಯಾಗುವ ವಯಸ್ಸಿನ ಹತ್ತು ಹೆಂಗಸರಲ್ಲಿ ಸುಮಾರು ಒಂಬತ್ತು ಮಂದಿ ಗೆರೆಯ ಕೆಳಗಿದ್ದರು. ಅಳೆದು, ತಿಳಿದು, ಸುಮ್ಮನಿರುವುದು ಯಾವ ವಿಜ್ಞಾನ? ಭಾರತದಲ್ಲಿ ಹದಿಹರೆಯದ ಹೆಣ್ಣುಮಕ್ಕಳಿಗೂ ತಾಯಿಯಾಗುವ ವಯಸ್ಸಿನ ಮಹಿಳೆಯರಿಗೂ ವಾರಕ್ಕೊಂದು ಮಾತ್ರೆ ಕೊಡುವ ಒಳ್ಳೆಯ ಯೋಜನೆ ಇದೆ, ಆದರೆ ಅದರಲ್ಲಿರುವ ಫೋಲಿಕ್ ಆಮ್ಲ 500 ಮೈಕ್ರೋಗ್ರಾಂ. ವಾರದ ಮಾತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವುದು 2800. ಮಾತ್ರೆ ಹೇಗೂ ಕೈಗೆ ತಲುಪುತ್ತಿರುವಾಗ ಪ್ರಮಾಣವನ್ನು ಹೆಚ್ಚಿಸುವುದು ಕಷ್ಟದ ಕೆಲಸವಲ್ಲ.

ಇದಕ್ಕೆ ಬಿ12 ಜೊತೆಗೂಡಬೇಕು ಎಂಬುದು ನನ್ನ ಇನ್ನೊಂದು ಕಾಳಜಿ. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ವೈದ್ಯ ಸಂಶೋಧಕ ಯಾಜ್ಞಿಕ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಗರ್ಭಿಣಿಯರ ಬಿ12 ಮಟ್ಟ ಕಡಿಮೆಯಿತ್ತು. ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರನೆಯ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ (ಮುಂದೆ ಮಧುಮೇಹಕ್ಕೆ ದಾರಿಯಾಗಬಲ್ಲ ಸ್ಥಿತಿ) ಹೆಚ್ಚಾಗಿ ಕಂಡಿತೆಂದು 2008ರಲ್ಲಿ ಪ್ರಕಟವಾಯಿತು. ಮೈಸೂರಿನಲ್ಲಿ ನಡೆದ ಇಂಥದ್ದೇ ದೀರ್ಘ ಅಧ್ಯಯನದಲ್ಲಿ ಬಸಿರಿನ ಹೊತ್ತಿನ ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳು ಒಂಬತ್ತು ಹತ್ತರ ವಯಸ್ಸಿನಲ್ಲಿ ಗ್ರಹಣಶಕ್ತಿಯ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದರು. ಇವು ಸಂಬಂಧವನ್ನು ತೋರಿಸುವ ಅಧ್ಯಯನಗಳೇ ಹೊರತು ಕಾರಣವನ್ನು ಸಾಬೀತು ಮಾಡುವ ಪ್ರಯೋಗಗಳಲ್ಲ. ಆದರೂ ತಾಯಿಯಲ್ಲಿ ಬಿ12 ತೀರ ಕಡಿಮೆಯಿದ್ದರೆ ಎದೆಹಾಲಿನಲ್ಲಿಯೂ ಕಡಿಮೆಯಾಗಿ, ಕೂಸು ಕಲಿತ ಕತ್ತು ನಿಲ್ಲಿಸುವುದನ್ನು, ನಗುವುದನ್ನು ಬಿಟ್ಟು ಮಂಕಾಗುವುದನ್ನು ಮಕ್ಕಳ ವೈದ್ಯರು ಚೆನ್ನಾಗಿ ಬಲ್ಲರು. ಒಂದು ಪರೀಕ್ಷೆಯಿಂದ ತಿಳಿದು, ಚುಚ್ಚುಮದ್ದಿನಿಂದ ಸರಿಹೋಗುವ ಕೊರತೆಗೆ ಮಗುವಿನ ಮೆದುಳು ಬೆಲೆ ತೆರುವುದು ನನಗೆ ಸಹಿಸಲಾಗದ ಸಂಗತಿ. ಭಾರತದ ಗರ್ಭಿಣಿಯರಿಗೆ ಬಿ12 ಪರೀಕ್ಷೆ ಕಡ್ಡಾಯವಾಗಲಿ. ಇಲ್ಲಿಯೂ ಮಾಂಸಾಹಾರ ಸೇವಿಸದ ತಾಯಂದಿರು ತಾವಾಗಿಯೇ ಕೇಳಿ ಮಾಡಿಸಿಕೊಳ್ಳಲಿ.

ಅಯೋಡಿನ್ ವಿಷಯದಲ್ಲಿ ಭಾರತವೇ ಮುಂದಿದೆ, ಅಲ್ಲಿ ಉಪ್ಪಿನಲ್ಲಿ ಅದು ಕಡ್ಡಾಯ, ಬ್ರಿಟನ್ನಿನಲ್ಲಿ ಇಲ್ಲ. ಅಯೋಡಿನ್ ಕಡಿಮೆಯಿದ್ದ ಬ್ರಿಟಿಷ್ ತಾಯಂದಿರ ಮಕ್ಕಳ ಬುದ್ಧಿಮತ್ತೆಯ ಅಂಕಗಳು ಕಡಿಮೆ ಇದ್ದವೆಂದು 2013ರಲ್ಲಿ ಪ್ರಕಟವಾದ ಮೇಲೂ ಇಲ್ಲ. ಡಿ ವಿಟಮಿನ್‌ಗೆ ಬಂದರೆ ಬ್ರಿಟನ್ ಗರ್ಭಿಣಿಯರಿಗೆಲ್ಲ ದಿನಕ್ಕೆ 10 ಮೈಕ್ರೋಗ್ರಾಂ ಎನ್ನುತ್ತದೆ, ಕಪ್ಪು ಮೈಬಣ್ಣದವರಿಗೆ ಒತ್ತಿ ಹೇಳುತ್ತದೆ. ನಮ್ಮವರು ಇಲ್ಲಿ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಎರಡೂ ದೇಶಗಳು ಒಂದೇ ರೀತಿಯಲ್ಲಿ ಮರೆತಿರುವವಳು ಬಾಣಂತಿ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡು, ಹಾಲೂಡುತ್ತಾ, ಬಹುಶಃ ಒಂದೆರಡು ವರ್ಷದಲ್ಲಿ ಮತ್ತೆ ಬಸುರಿಯಾಗಲಿರುವ ಆಕೆಯ ದಾಸ್ತಾನು ಎಷ್ಟಿದೆ ಎಂದು ವಾಡಿಕೆಯಾಗಿ ಯಾರೂ ನೋಡುವುದಿಲ್ಲ. ಭಾರತದಲ್ಲಿ ಮಾತ್ರೆಯನ್ನು ಹೆರಿಗೆಯ ಬಳಿಕವೂ 180 ದಿನ ಮುಂದುವರಿಸಬೇಕೆಂಬ ನಿಯಮವಿದೆ, ಅಳತೆಯಿಲ್ಲ. ಬ್ರಿಟನ್ನಿನಲ್ಲಿ ಹೆಚ್ಚು ರಕ್ತ ಹೋದವರು, ಬಸಿರಿನ ರಕ್ತಹೀನತೆ ವಾಸಿಯಾಗದವರು, ಲಕ್ಷಣಗಳಿರುವವರು ಇಂಥವರನ್ನು ಮಾತ್ರ ನೋಡುತ್ತಾರೆ. ಆದರೆ ಇದಕ್ಕೆ ಬೇರೆ ಭೇಟಿಯೇ ಬೇಕಾಗಿಲ್ಲ. ಭಾರತದಲ್ಲಿ ಆರನೆಯ ವಾರಕ್ಕೆ, ಇಲ್ಲಿ ಎಂಟನೆಯ ವಾರಕ್ಕೆ ತಾಯಿ ಹೇಗೂ ಕೂಸನ್ನು ಲಸಿಕೆಗೆ ಕರೆತರುತ್ತಾಳೆ. ಅದೇ ದಿನ, ಅದೇ ಕೋಣೆಯಲ್ಲಿ ಆಕೆಯ ರಕ್ತವನ್ನೂ ರಕ್ತನಾಳದಿಂದ ತೆಗೆದು ಹಿಮೋಗ್ಲೋಬಿನ್, ಫೆರಿಟಿನ್, ಬಿ12 ಮೂರನ್ನು ನೋಡಿ, ಆ ಅಂಕಿಗಳನ್ನು ಮಗುವಿನ ಲಸಿಕೆ ಕಾರ್ಡಿನ ಪಕ್ಕದ ಪುಟದಲ್ಲಿಯೇ ಬರೆದುಕೊಡಲು ಎರಡೂ ಸರ್ಕಾರಗಳು ಆದೇಶಿಸಬೇಕು.